ಮಾಸು

"ಮೀನಾ?" ಎಂದ ಕಂಡಕ್ಟರ್,
ನೀಲಿ ಪೆಟ್ಟಿಗೆಯನ್ನು ಬೂಟಿನ ತುದಿಯಿಂದ ಮುಟ್ಟಿ.
ವಿರಾಜಪೇಟೆಯಿಂದ ಮೈಸೂರಿಗೆ ಬೆಳಗಿನ ಮೊದಲ ಬಸ್ಸು.
ಮೀನಲ್ಲ, ಆಸ್ಪತ್ರೆಯದು ಅಂದೆ.
ಕಾಲು ಹಿಂದಕ್ಕೆಳೆದುಕೊಂಡ.
ಆದರೂ ಲಗೇಜಿನ ಚೀಟಿ ಹರಿದ.

ಒಳಗೆ ಐಸಿನ ನಡುವೆ ಹನ್ನೊಂದು ಕೊಳವೆ,
ಒಂದೊಂದರಲ್ಲೂ ಹುಣಸೆಬೀಜದಷ್ಟು ಮಾಸು.
ಒಪ್ಪಿಗೆಯ ಹಾಳೆಯಲ್ಲಿ ಡಾಕ್ಟರು 'ಜರಾಯು' ಎಂದು ಬರೆಸಿದ್ದರು.
ಓದಿ ಹೇಳಿದರೆ ಹೆಂಗಸರು ನನ್ನ ಮುಖ ನೋಡುತ್ತಿದ್ದರು.
ಒಂದು ಸಂಜೆ ಕೂತು ನೂರಿಪ್ಪತ್ತು ಹಾಳೆಗಳಲ್ಲಿ
ಅದನ್ನು ಹೊಡೆದು ಹಾಕಿ
ಮಾಸು ಎಂದು ಬರೆದೆ.

ಕೊಳವೆಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ.
ನಾಲ್ಕನೆಯವಳನ್ನು ಚೋಮಿ ಅನ್ನೋಣ,
ಅದು ಅವಳ ಹೆಸರಲ್ಲ.
ಬಾಳೆಲೆ ಕಡೆಯ ಲೈನುಮನೆ.
ಏಳು ತಿಂಗಳು, ಕಾಲು ಊದಿ, ಕಣ್ಣು ಮಂಜಾಗಿ,
ಜೀಪಿನಲ್ಲೇ ಸೆಟೆದುಕೊಂಡಳಂತೆ.
ಅವಳು ಉಳಿದಳು.

ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತಿದ್ದಳು.
"ಚೂರು ನಿನಗೆ. ಉಳಿದದ್ದು ಕೊಡು,
ಮಣ್ಣಿಗೆ ಹಾಕಬೇಕು."
ಅಕ್ಕಿಯ ಚೀಲ ಮಡಿಸಿ ತಂದಿದ್ದಳು ಅದಕ್ಕೆಂದೇ.

"ಅದರಲ್ಲಿ ಏನು ನೋಡ್ತಾರೆ?" ಚೋಮಿ ಕೇಳಿದಳು.
ಬಾಯಿಪಾಠ ಒಪ್ಪಿಸಿದೆ:
ಬೇರು ಎಷ್ಟು ಆಳಕ್ಕೆ ಇಳಿದಿತ್ತು,
ರಕ್ತದ ನಾಳ ಎಷ್ಟು ಅಗಲ ತೆರೆದಿತ್ತು,
ಯಾಕೆ ಬಿಪಿ ಏರಿತು.
ಸ್ವಲ್ಪ ಹೊತ್ತು ಚಾವಣಿ ನೋಡಿ ಅಂದಳು:
"ಹಾಗಾದರೆ ಮೂಟೆ ಹೊತ್ತದ್ದಕ್ಕಲ್ಲ?"

ಜನವರಿಯ ಕೊಯ್ಲು. ರೈಟರನ ಪುಸ್ತಕದಲ್ಲಿದೆ,
ಆ ದಿನ ಎಂಬತ್ತಮೂರು ಕಿಲೋ ಹಣ್ಣು.
ಅದರ ಮುಂದೆ ಅವಳ ಹೆಬ್ಬೆಟ್ಟು.
ಇನ್ನೂ ಗೊತ್ತಿಲ್ಲ ಅನ್ನಬೇಕಿತ್ತು.
ಐದು ವರ್ಷ, ಆರುನೂರು ಹೆಂಗಸರು,
ಆಮೇಲೆ ಒಂದು ಲೇಖನ, ಅದರಲ್ಲೂ
'ಇರಬಹುದು' ಎಂದೇ ಇರುತ್ತದೆ.
ನಾನು ಅಲ್ಲ ಅಂದೆ.
ಅಲ್ಲ, ಚೋಮಿ.
ಹಾಳೆಯಲ್ಲಿ ಬರೆಯಲಿಲ್ಲ ಅದನ್ನು.

ಆಮೇಲೆ ಅವಳ ಸರದಿ: "ನಿಂಗೆಷ್ಟು?"
ಇಬ್ಬರು.
"ಉಳಿದದ್ದು ಇಬ್ಬರು. ಹೋದದ್ದು?"
ಈ ಕೆಲಸಕ್ಕೆ ಸೇರಿ ಮೂರು ವರ್ಷ,
ಆ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ.
ಕಾಗದ ಸರಿಮಾಡಿಕೊಂಡು ಎದ್ದೆ.

ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೂಮಳೆಯ ಲೆಕ್ಕದಲ್ಲಿದ್ದರು.
ಅಮ್ಮತ್ತಿಗೆ ಎಪ್ಪತ್ತು ಸೆಂಟು, ಪಾಲಿಬೆಟ್ಟಕ್ಕೆ ನಲವತ್ತು,
ಹಿಂಬಾಲಿಸಿ ಇನ್ನೊಂದು ಬರದಿದ್ದರೆ ಕಚ್ಚಿದ ಕಾಯಿ ಉದುರುತ್ತೆ.
ಅಜ್ಜನ ಕಾಲದಿಂದ ಬರೆದಿಟ್ಟಿದ್ದಾರಂತೆ,
ಒಂದು ವರ್ಷವೂ ಬಿಟ್ಟಿಲ್ಲ.
ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ.

ತಿತಿಮತಿ ದಾಟಿ ಬಸ್ಸು ನಿಂತಿತು.
ಆನೆ.
ಎಲ್ಲರೂ ಒಂದೇ ಬದಿಗೆ ವಾಲಿದರು, ಮೊಬೈಲು ಎತ್ತಿ
"ಮರಿ ಇದೆ, ಮರಿ ಇದೆ" ಎಂದರು.
ನಾನು ನೋಡಿದ್ದು ಪೆಟ್ಟಿಗೆಯ ಮುಳ್ಳನ್ನು.
ನಾಲ್ಕು ಡಿಗ್ರಿ. ಐದು.
ಐದೂವರೆ.

ಲ್ಯಾಬಿನ ಹುಡುಗ ಕೈಗವಸು ಹಾಕಿ ಎಣಿಸಿದ.
ಒಂದರ ಮೇಲೆ ನೀರು ಇಳಿದು ಶಾಯಿ ಹೋಗಿತ್ತು.
"ನಂಬರು ಮಾಸಿದೆ ಮೇಡಂ. ಇದನ್ನ ತಗೊಳ್ಳೋಕಾಗಲ್ಲ."

ಪಟ್ಟಿ ಬಿಚ್ಚಿದೆ. ಹತ್ತಕ್ಕೂ ಟಿಕ್ ಹಾಕುತ್ತ ಬಂದೆ.
ಎಲ್ಲ ಕಳೆದು ಉಳಿದದ್ದು
ನಾಲ್ಕು.
"ಖಾತ್ರಿನಾ?"
ಅವನ ಜೇಬಿನ ಪೆನ್ನು ಇಸಿದುಕೊಂಡು
ಸೆರಗಿನಲ್ಲಿ ಕೊಳವೆ ಒರೆಸಿ
ಒತ್ತಿ ಬರೆದೆ,
ಒಣಗುವ ತನಕ ಊದುತ್ತ ನಿಂತೆ.